ಬೆನ್ನ ಮೇಲೆ ಮಗಳು, ಮುಂದೆ ಮುಳ್ಳಯ್ಯನಗಿರಿ

ಮಗಳಿಗೆ ಆಗ 16 ತಿಂಗಳು, ತೂಕ 9.5 ಕೆ.ಜಿ. ಅವಳನ್ನು ಬಿಟ್ಟು ಬೆಟ್ಟಕ್ಕೆ ಹೋಗಲು ನನಗೆ ಮನಸ್ಸಿರಲಿಲ್ಲ. ಮಗುವನ್ನು ಹೊರುವ ಬ್ಯಾಗ್ ಹುಡುಕಲು ಶುರು ಮಾಡಿದೆ.

ಮನೆಯಲ್ಲಿದ್ದ ಬಟ್ಟೆಯ ಕ್ಯಾರಿಯರ್ ಪೇಟೆ ಸುತ್ತಲು ಚೆನ್ನಾಗಿತ್ತು. ಬೆಟ್ಟ ಹತ್ತುವಾಗ ಮಾತ್ರ ಅವಳ ಹೊಟ್ಟೆ, ನನ್ನ ಬೆನ್ನು ಎರಡೂ ಬೆವರಿನಲ್ಲಿ ಒದ್ದೆ. ಫ್ರೇಮ್ ಇರುವ ಬ್ಯಾಗಿನಲ್ಲಿ ನಡುವೆ ಗಾಳಿ ಆಡುತ್ತದೆ. ಆದರೆ ಖಾಲಿ ಬ್ಯಾಗೇ ಸುಮಾರು 3 ಕೆ.ಜಿ. ಮಗು, ನೀರು, ಡೈಪರ್ ಎಲ್ಲ ಸೇರಿದರೆ 15 ಆಯ್ತು ಅಲ್ವಾ?

ಅಷ್ಟು ಭಾರ ಹೆಗಲಿಗೆ ಬೀಳಬಾರದು. ಸೊಂಟದ ಬೆಲ್ಟೇ ಮುಖ್ಯ. ನಮ್ಮಮ್ಮ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಊರೆಲ್ಲ ಓಡಾಡುತ್ತಿದ್ದರಂತೆ. ಅಂಗಡಿಗೆ 10 ಕೆ.ಜಿ. ಅಕ್ಕಿ ಚೀಲ ತೆಗೆದುಕೊಂಡು ಹೋದೆ. ಅದನ್ನು ಬ್ಯಾಗಿನಲ್ಲಿ ಕೂರಿಸಿ ಅರ್ಧ ಗಂಟೆ ಮೆಟ್ಟಿಲು ಹತ್ತಿ ಇಳಿದೆ. ಮೊದಲನೆಯದರಲ್ಲಿ ಹತ್ತೇ ನಿಮಿಷಕ್ಕೆ ಹೆಗಲು ನೋಯತೊಡಗಿತು. ಎರಡನೆಯದರ ಬೆನ್ನಿನ ಉದ್ದವನ್ನು ಹೆಚ್ಚು ಕಡಿಮೆ ಮಾಡಬಹುದಿತ್ತು. ನನಗಿಂತ ಅರ್ಧ ಅಡಿ ಗಿಡ್ಡ ಇರುವ ಹೆಂಡತಿಗೂ ಸರಿಹೋಯಿತು. ಅದನ್ನೇ ತಂದೆವು.

ಪಾದ ಇಡಲು ಪಟ್ಟಿ ಇದೆಯಾ ನೋಡಿ. ಕಾಲು ಸುಮ್ನೆ ನೇತಾಡುತ್ತಿದ್ದರೆ ಜೋಮು ಹಿಡಿಯುತ್ತದೆ. ತಾನಾಗಿ ಕೂರಲು ಬಾರದ ಮಗುವನ್ನು ಇದರಲ್ಲಿ ದಯವಿಟ್ಟು ಕೂರಿಸಬೇಡಿ. ನೆಲದ ಮೇಲೆ ನಿಲ್ಲಿಸಲು ಸ್ಟ್ಯಾಂಡ್ ಇದ್ದರೂ ಕೈ ಬಿಡಬೇಡಿ.

ಡಿಸೆಂಬರಿನಲ್ಲಿ ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿದೆವು. 1,930 ಮೀಟರ್ ಎತ್ತರ, ಗಾಳಿ ಜೋರು. ನಡೆಯುವ ನನಗೆ ಬೆವರು, ಕೂತೇ ಇದ್ದ ಅವಳ ಪಾದ ತಣ್ಣಗೆ. ಇನ್ನೊಂದು ಜೊತೆ ಕಾಲುಚೀಲ ಹಾಕಿದೆವು. ದೇವಸ್ಥಾನದ ಹತ್ತಿರ ಇಳಿಸುವಷ್ಟರಲ್ಲಿ ನನ್ನ ಕಿವಿ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು.