ನಮಗಿಂತ ಮೊದಲು ಬಂದ ಖಲಾಸಿಗಳು

ನಮ್ಮ ಎದುರು ಮನೆಯ ಚಾಚಾ ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಲಂಡನ್ನಿನ ಪಾಪ್ಲರ್‌ನಲ್ಲಿ ಅವರಿಗೆ ಗೊತ್ತಿಲ್ಲದ ಗಲ್ಲಿ ಇಲ್ಲ. ದೀಪಾವಳಿಗೆ ಅವರನ್ನೂ ಕರೆದಿದ್ದೆವು. ಊಟಕ್ಕೆ ಕೂತಾಗ ನಮ್ಮ ಕನ್ನಡದ ಗೆಳೆಯರೊಬ್ಬರು, ಐಟಿಯವರು ಬಂದ ಮೇಲೆ ತಾನೇ ಈ ದೇಶದಲ್ಲಿ ನಮ್ಮವರಿಗೆ ಬೆಲೆ ಬಂದದ್ದು ಅಂದರು. ಇಂಗ್ಲಿಷಿನಲ್ಲೇ ಅಂದದ್ದು. ಚಾಚಾ ಸಿಟ್ಟು ಮಾಡಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, "ಬೇಟಿ, ಈ ದೇಶದಲ್ಲಿ ನನ್ನ ಅಜ್ಜನ ಹೆಸರನ್ನು ಮೊದಲು ಬರೆದುಕೊಂಡವರು ಪೊಲೀಸರು" ಎಂದರು.

ಅಜ್ಜ ಕಲ್ಕತ್ತಾದಲ್ಲಿ ಹಡಗು ಹತ್ತಿ, ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಾ ಬಂದು ವೇಲ್ಸ್‌ನ ಕಾರ್ಡಿಫ್ ಬಂದರಿನಲ್ಲಿ ಇಳಿದವರಂತೆ. 1925ರಲ್ಲಿ ಇಲ್ಲಿನ ಸರ್ಕಾರ ಒಂದು ಆದೇಶ ಹೊರಡಿಸಿತು. ಕಪ್ಪು, ಕಂದು ಬಣ್ಣದ ನಾವಿಕ ತಾನು ಬ್ರಿಟಿಷ್ ಪ್ರಜೆ ಎಂದು ಕಾಗದ ತೋರಿಸಬೇಕು. ಇಲ್ಲದಿದ್ದರೆ ಪರದೇಶಿ ಎಂದು ಪೊಲೀಸರಲ್ಲಿ ಹೆಸರು ಬರೆಸಬೇಕು. ಬ್ರಿಟಿಷರೇ ಆಳುತ್ತಿದ್ದ ಊರಿನಲ್ಲಿ ಹುಟ್ಟಿದವನು, ಅವರದೇ ಹಡಗಿನಲ್ಲಿ ದುಡಿದವನು. ಅವನ ಹತ್ತಿರ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು?

ಆ ಮಾತು ನನ್ನನ್ನು ಬಿಡಲಿಲ್ಲ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಓದಿದಷ್ಟೂ ಹೊಟ್ಟೆ ಉರಿಯಿತು.

ನಾನು ಕುಮಟಾದವಳು. ಹಡಗಿನಲ್ಲಿ ದುಡಿಯುವ, ನಮ್ಮ ಕಡೆ ಖಲಾಸಿ ಅನ್ನುವವರನ್ನೇ ಇಲ್ಲಿಯವರು ಲಾಸ್ಕರ್ ಎಂದರು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಇವರನ್ನು ಇಲ್ಲಿಯವರೆಗೆ ದುಡಿಸಿಕೊಂಡು ತಂದು, ವಾಪಸ್ ಹೋಗುವ ಹಡಗು ಸಿಗುವ ತನಕ ಥೇಮ್ಸ್ ದಂಡೆಯ ಬ್ಯಾರಕ್‌ಗಳಲ್ಲಿ ಬಿಡುತ್ತಿದ್ದವು. 1814-15ರಲ್ಲಿ ಸಂಸತ್ತಿನ ಸಮಿತಿಯೊಂದು ಅಲ್ಲಿಗೆ ಹೋಗಿ ನೋಡಿತು. ಹಾಸಿಗೆ ಇಲ್ಲ, ಪೀಠೋಪಕರಣ ಇಲ್ಲ, ಈ ಚಳಿಯಲ್ಲಿ ಬೆಂಕಿಗೂಡೂ ಇಲ್ಲ. ಬರಿ ಹಲಗೆಯ ಮೇಲೆ ಕಂಬಳಿ. ಊಟ ಬಟ್ಟೆ ವಸತಿ ಕಂಪನಿಯೇ ಕೊಡಬೇಕು ಎಂದು ಕಾನೂನಾಗಿತ್ತು, ಸರಿ. ಆದರೆ 1823ರ ಕಾನೂನು, ಬ್ರಿಟಿಷ್ ಆಳ್ವಿಕೆಯ ಊರಿನಲ್ಲಿ ಹುಟ್ಟಿದ್ದರೂ ಲಾಸ್ಕರನನ್ನು ಬ್ರಿಟಿಷ್ ನಾವಿಕ ಎಂದು ಲೆಕ್ಕ ಹಿಡಿಯಬಾರದು ಎಂದಿತು. ಕರುಣೆ ತೋರಿಸಿದ ಕೈಯೇ ಬಾಗಿಲನ್ನೂ ಹಾಕಿತು. ಬಂದರಿನ ಅಧಿಕಾರಿಗಳು ಮುಂದೆ ನೂರು ವರ್ಷ ನಡೆಸಿದ್ದೂ ಇದನ್ನೇ. ಖಲಾಸಿಯನ್ನು ಯಾಕೆ ಹೊಡೆದರು, ಅವನು ಯಾಕೆ ಹಡಗು ಬಿಟ್ಟು ಓಡಿದ ಎಂಬ ಪ್ರಶ್ನೆಗಿಂತ ಅವನನ್ನು ಬೇಗ ಹಿಡಿದು ವಾಪಸ್ ಕಳಿಸುವ ಚಿಂತೆಯೇ ಜಾಸ್ತಿ. ಲಾಸ್ಕರರನ್ನು ಒಂದು ಹಡಗಿನಿಂದ ಇನ್ನೊಂದಕ್ಕೆ ಸಾಗಿಸಲೆಂದೇ ಇಲ್ಲಿನ ಹಡಗುಕಟ್ಟೆಗಳಲ್ಲಿ ಒಬ್ಬ ಅಧಿಕಾರಿ ಇದ್ದ!

ನಾನು ದಿನಾ ಹಾದುಹೋಗುವ ವೆಸ್ಟ್ ಇಂಡಿಯಾ ಡಾಕ್ ರಸ್ತೆಯಲ್ಲಿ 1857ರಲ್ಲಿ ಇಂಥವರಿಗಾಗಿಯೇ ಒಂದು ಆಶ್ರಯಮನೆ ತೆರೆಯಿತು. ಅದಕ್ಕೆ ಪಂಜಾಬಿನ ಮಹಾರಾಜ ದುಲೀಪ್ ಸಿಂಗ್ 500 ಪೌಂಡ್ ಕೊಟ್ಟಿದ್ದರು. ರಾಜ್ಯ ಕಳೆದುಕೊಂಡು ಇಲ್ಲಿಗೆ ಬಂದಿದ್ದ ಹುಡುಗ ಅವರು. ಅದನ್ನು ಓದಿದಾಗ ಕಣ್ಣು ತುಂಬಿತು.

ಖಲಾಸಿಯ ಸಂಬಳ ಬಿಳಿಯ ನಾವಿಕನದರ ಮೂರನೇ ಒಂದು ಪಾಲು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. 1906ರ ಕಾನೂನು ಹಡಗಿನಲ್ಲಿ ನಾವಿಕನಿಗೆ ಇರಲು 120 ಘನ ಅಡಿ ಜಾಗ ಕೊಡಿ ಎಂದಿತು, ಲಾಸ್ಕರರನ್ನು ಬಿಟ್ಟು. ಕೆಲಸ ಮಾಡಲ್ಲ ಅಂದರೆ ಜೈಲು. 1939ರಲ್ಲಿ ಯುದ್ಧ ಶುರುವಾದಾಗ, ಬಾಂಬು ಬೀಳುವ ಸಮುದ್ರಕ್ಕೆ ಇದೇ ಸಂಬಳಕ್ಕೆ ಹೋಗಲ್ಲ ಎಂದು ಖಲಾಸಿಗಳು ಮುಷ್ಕರ ಹೂಡಿದರು. ನೂರಾರು ಜನರನ್ನು ಜೈಲಿಗೆ ಹಾಕಿದರು. ಕಟಕ್‌ನಿಂದ ಬಂದ ಸುರತ್ ಆಲಿಯಂಥ ಸಂಘಟಕರು ಪಟ್ಟು ಬಿಡದಿದ್ದಕ್ಕೆ ಕೊನೆಗೆ ಸಂಬಳ ಏರಿತು. ಆ ಯುದ್ಧದಲ್ಲಿ ಸತ್ತ ನಮ್ಮ ವ್ಯಾಪಾರಿ ಹಡಗಿನವರು 6,000ಕ್ಕೂ ಜಾಸ್ತಿ. ವ್ಯಾಪಾರಿ ಹಡಗಿನವರಿಗಾಗಿ ಲಂಡನ್ನಿನ ಟವರ್ ಹಿಲ್‌ನಲ್ಲಿರುವ ಸ್ಮಾರಕದ ಕಂಚಿನ ಫಲಕಗಳಲ್ಲಿ ಅವರ ಹೆಸರು ಸಿಗುವುದಿಲ್ಲ. ಮುಂಬೈಯಲ್ಲೂ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲೂ ಇಟ್ಟಿರುವ ಪುಸ್ತಕದಲ್ಲಿವೆ. ಮುಂಬೈಯಲ್ಲಿ ಅದನ್ನು ತೆರೆದು ನೋಡಿದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ.

ಇಷ್ಟು ಬರೆದು ಇಂಗ್ಲಿಷರನ್ನು ಬೈದು ಮುಗಿಸಬಹುದಿತ್ತು. ಆದರೆ ಆಗ ಕಲ್ಕತ್ತಾ, ಬಾಂಬೆಯಲ್ಲಿ ಖಲಾಸಿಯಿಂದ ಮೊದಲು ಲಂಚ ಕಿತ್ತವರು ನಮ್ಮವರೇ. ಹಡಗಿಗೆ ಹತ್ತಿಸಲು ಘಾಟ್ ಸಾರಂಗನಿಗೆ, ಅಂದರೆ ಆಳು ಹಿಡಿದು ಕೊಡುವ ದಲ್ಲಾಳಿಗೆ, ಕೊಡಬೇಕು, ಸಾಲ ಮಾಡಿ ಕೊಡಬೇಕು, ಆಮೇಲೆ ಆ ಸಾಲ ತೀರಿಸಲು ಎಂಥ ಹಡಗಾದರೂ ಹತ್ತಬೇಕು. ಈಗಲೂ ಅಷ್ಟೇ ಅಲ್ವಾ? ಮಾಲೀಕರು ಸಂಬಳ ಕೊಡದೆ ಯಾವುದೋ ಬಂದರಿನಲ್ಲಿ ಕೈಬಿಟ್ಟ ನಾವಿಕರಲ್ಲಿ 2024ರಲ್ಲಿ ಎಲ್ಲರಿಗಿಂತ ಜಾಸ್ತಿ ಇದ್ದವರು ಭಾರತೀಯರು.

ಹೋದ ವಾರ ಅಣ್ಣ ಫೋನು ಮಾಡಿದ್ದ. ಮಗನಿಗೆ ಹಡಗಿನ ಕೆಲಸ, ಏಜೆಂಟ್ ಲಕ್ಷಗಟ್ಟಲೆ ಕೇಳುತ್ತಿದ್ದಾನೆ, ತೋಟದ ಮೇಲೆ ಸಾಲ ತೆಗೆಯಲೇನೇ ತಂಗಿ ಅಂದ. ಬೇಡವೇ ಬೇಡ ಅಂದೆ. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳುವುದೇ ನಿಯಮಕ್ಕೆ ವಿರುದ್ಧ. ಏಜೆಂಟನ ಲೈಸೆನ್ಸ್ ನಂಬರು ಇಸಕೋ, ಮುಂಬೈಯ ಶಿಪ್ಪಿಂಗ್ ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ಇದೆಯಾ ನೋಡು, ಇಲ್ಲದಿದ್ದರೆ ಹುಡುಗನನ್ನು ಮನೆಯಲ್ಲೇ ಇಟ್ಟುಕೋ ಎಂದೆ. ಊರಲ್ಲಿ ನಿಮ್ಮ ಮಕ್ಕಳೂ ಇದೇ ದಾರಿಯಲ್ಲಿದ್ದರೆ ದಯವಿಟ್ಟು ಇಷ್ಟನ್ನು ಮಾಡಿ.