ಬಯಲಾಟದ ರಂಗಸ್ಥಳದ ಮಾದರಿ: ದೀವಟಿಗೆ ಕಾಲ ಮುಗಿಯಿತು, ಇನ್ನು ಗ್ಯಾಸ್‌ಲೈಟ್

ಕಾಸರಗೋಡಿನ ಕುಂಬಳೆ ಸೀಮೆಯ ಬಯಲಾಟದ, ಅಂದರೆ ಬಯಲಲ್ಲಿ ಆಡುವ ಯಕ್ಷಗಾನದ, ರಂಗಸ್ಥಳ ಹೇಗೆ ಬದಲಾಯಿತು ಅಂತ ಮೂರು ಪುಟ್ಟ ಮಾದರಿಗಳಲ್ಲಿ ತೋರಿಸುವ ಕೆಲಸ ಇದು. ಒಂದು ದೀವಟಿಗೆ ಕಾಲದ್ದು, ಒಂದು ಗ್ಯಾಸ್‌ಲೈಟಿನದ್ದು (ಪೆಟ್ರೋಮ್ಯಾಕ್ಸ್ ದೀಪ), ಮತ್ತೊಂದು 1950ರ ದಶಕದ ಟೆಂಟಿನ ಆಟದ್ದು. ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಊರಿನವರು ಇಷ್ಟಾದರೂ ಮಾಡಬೇಕು ಅಲ್ವಾ? ಕೊಯ್ಲು ಮುಗಿದ ಗದ್ದೆಯಲ್ಲಿ ರಾತ್ರಿಯಿಡೀ ಆಟ, ಬೆಳಗ್ಗೆ ಮಂಗಳ ಹಾಡಿದ ಮೇಲೆ ಕಂಬ ಕೀಳುತ್ತಾರೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳವೇ ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುತ್ತದೆ, ಮಳೆ ಬಂದರೆ ಅದೇ ಗದ್ದೆಯಲ್ಲಿ ನಾಟಿ. ಹಳೆ ರಂಗಸ್ಥಳ ನೋಡೋಣ ಅಂದರೆ ನೆಲದಲ್ಲಿ ಗುರುತೇ ಇರುವುದಿಲ್ಲ.

ಮೊದಲ ಮಾದರಿ ಈ ವಾರ ಮುಗಿಯಿತು. 16 ಅಡಿ ಉದ್ದಗಲದ ರಂಗಸ್ಥಳ ಅಂತ ಇಟ್ಟುಕೊಂಡು, ಅದನ್ನು ಇಪ್ಪತ್ತನೇ ಒಂದು ಪಾಲಿಗೆ ಇಳಿಸಿದ್ದೇನೆ. ಹಲಗೆಯ ಮೇಲೆ ಸುಮಾರು 24 ಸೆಂಟಿಮೀಟರ್ ಬಂತು. ನಾಲ್ಕು ಕಂಬಕ್ಕೆ ಅಡಿಕೆ ದಬ್ಬೆ ಸೀಳಿ ಉಜ್ಜಿದೆ. ನೆಲಕ್ಕೆ ಗದ್ದೆಯ ಮಣ್ಣನ್ನೇ ಜರಡಿ ಹಿಡಿದು ಅಂಟಿಸಿ, ಸುತ್ತ ಬೈಹುಲ್ಲಿನ ಚೂರು ನೆಟ್ಟು ಕೂಳೆ ಮಾಡಿದೆ.

ಜಾಸ್ತಿ ಹೊತ್ತು ಹಿಡಿದದ್ದು ಜನ ಕೂರುವ ಜಾಗ. ಮೂರು ಕಡೆ ಚಾಪೆ ಹಾಸಿದರೆ ಮುಗಿಯಿತು ಅಂತಲ್ಲ. ಬಣ್ಣದ ವೇಷ, ಅಂದರೆ ರಕ್ಕಸನ ಪಾತ್ರ, ಸಭೆಯ ಹಿಂದಿನಿಂದ, ದೀವಟಿಗೆಗೆ ರಾಳದ ಪುಡಿ ಹಾರಿಸುತ್ತಾ, ಅಬ್ಬರ ಕೊಡುತ್ತಾ ಜನರ ನಡುವೆಯೇ ಬರುತ್ತದೆ. ಆ ದಾರಿ ಬಿಡದಿದ್ದರೆ ಅದು ಬಯಲಾಟವೇ ಅಲ್ಲ. ಹಾಗಾಗಿ ಚಾಪೆಗಳನ್ನೆಲ್ಲ ಮತ್ತೆ ಸರಿಸಿ ನಡುವೆ ಓಣಿ ಬಿಟ್ಟೆ.

ನಿನ್ನೆ ರಾತ್ರಿ ಬೆಳಕು ಹಾಕಿ ನೋಡಿದೆ. ಹೆಬ್ಬೆರಳು ಗಾತ್ರದ ರಕ್ಕಸನ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಸೂಜಿ ಮೊನೆಯಿಂದ ಚುಟ್ಟಿ (ಮುಖದ ಮೇಲೆ ಉಬ್ಬಿ ನಿಲ್ಲುವ ಬಿಳಿ ಮುಳ್ಳುಗಳು) ಇಟ್ಟಿದ್ದೆ. ಎರಡು ಪಕ್ಕದಿಂದ ಹಳದಿ ಎಲ್‌ಇಡಿ ಬಿಟ್ಟಾಗ ಒಂದೊಂದು ಚುಟ್ಟಿಗೂ ನೆರಳು ಬಿದ್ದು ಮುಖ ಉಬ್ಬಿಕೊಂಡಿತು. ಮೇಲಿನಿಂದ ಬಿಳಿ ಬೆಳಕು ಕೊಟ್ಟರೆ ಸುಮ್ನೆ ಬಿಳಿ ಚುಕ್ಕಿ. ಚುಟ್ಟಿ ಅಷ್ಟು ದಪ್ಪ ಯಾಕೆ ಅಂತ ಕಣ್ಣಾರೆ ಗೊತ್ತಾಯಿತು. ಇದನ್ನು ವಿಡಿಯೊ ಮಾಡಿ ಇಟ್ಟಿದ್ದೇನೆ.

ಮುಂದಿನದು ಗ್ಯಾಸ್‌ಲೈಟ್. ಅದನ್ನು ಕಂಬದ ಎಷ್ಟು ಎತ್ತರಕ್ಕೆ ಕಟ್ಟುತ್ತಿದ್ದರು ಅಂತ ಆ ಕಾಲದ ಆಟ ನೋಡಿದ ಅಜ್ಜಂದಿರನ್ನು ಕೇಳಿ, ಆಮೇಲೆ ಕಂಬಕ್ಕೆ ತೂತು ಕೊರೆಯುತ್ತೇನೆ.