ಕ್ರಿಯಾಪದ ಹೊಂದಾಣಿಕೆಯ ಸ್ಕ್ರಿಪ್ಟ್: ‘ತಾಲಿಬಾನ್’ ಕೊನೆಗೂ ಬಗೆಹರಿಯಿತು

ಸುದ್ದಿಪಠ್ಯದಲ್ಲಿ ಕರ್ತೃವಿಗೆ ಕ್ರಿಯಾಪದ ಹೊಂದುತ್ತದೆಯೇ ಎಂದು ನೋಡುವ ನಮ್ಮ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಈಗ ‘ತಾಲಿಬಾನ್ ವಕ್ತಾರ ಹೇಳಿದ್ದಾರೆ’ ಎಂಬುದನ್ನು ಸುಮ್ಮನೆ ಬಿಟ್ಟು, ‘ತಾಲಿಬಾನ್ ಹೇಳಿದ್ದಾರೆ’ ಎಂಬುದನ್ನಷ್ಟೇ ತಪ್ಪೆಂದು ಹಿಡಿಯುತ್ತಿದೆ! ಪದಪಟ್ಟಿ, ಟೋಕನ್ ಕೆಲಸ (ಪಠ್ಯವನ್ನು ಪದಪದವಾಗಿ ಒಡೆಯುವುದು) ಎಲ್ಲರಿಗೂ ಗೊತ್ತಿರುವುದೇ. ಈ ಸಲದ ಟಿಪ್ಪಣಿ ಪೂರ್ತಿ ಈ ಒಂದು ಹೆಸರಿಗೆ.

ತೊಡಕು ಹೆಸರಿನಲ್ಲೇ ಇದೆ. ಅರಬ್ಬಿಯ ‘ತಾಲಿಬ್’ ಅಂದರೆ ವಿದ್ಯಾರ್ಥಿ. ಪಶ್ತೋದಲ್ಲಿ ಅದಕ್ಕೆ ‘ಆನ್’ ಸೇರಿದರೆ ವಿದ್ಯಾರ್ಥಿಗಳು, ಇಂಗ್ಲಿಷಿನ ‘ಸ್ಟೂಡೆಂಟ್ಸ್’. 1994ರಲ್ಲಿ ಕಂದಹಾರದಲ್ಲಿ ಮುಲ್ಲಾ ಒಮರ್ ಸುತ್ತ ಕೂಡಿದವರಲ್ಲಿ ಮದರಸಾ ವಿದ್ಯಾರ್ಥಿಗಳು ಬಹಳ ಇದ್ದುದರಿಂದ ಈ ಹೆಸರು. ಪಶ್ತೋ, ಉರ್ದುಗಳಲ್ಲಿ ಕ್ರಿಯಾಪದವೂ ಬಹುವಚನ. ಅರಬ್ಬಿಯಲ್ಲಿ ಅದೇ ರೂಪ ‘ಇಬ್ಬರು ವಿದ್ಯಾರ್ಥಿಗಳು’ ಎಂಬ ದ್ವಿವಚನ. ಹಾಗಾಗಿ ಅಲ್ಲಿ ಹೆಸರಿಗೆ ಮುಂಚೆ ‘ಹರಕತ್’, ಅಂದರೆ ಚಳವಳಿ, ಎಂದು ಸೇರಿಸಿ ಕ್ರಿಯಾಪದವನ್ನು ಸ್ತ್ರೀಲಿಂಗ ಏಕವಚನದಲ್ಲಿ ಇಡುವುದುಂಟು. ಇಂಗ್ಲಿಷಿನಲ್ಲಿ ‘ದಿ ತಾಲಿಬಾನ್ ಹ್ಯಾವ್’, ‘ದಿ ತಾಲಿಬಾನ್ ಹ್ಯಾಸ್’ ಎರಡೂ ಚಾಲ್ತಿಯಲ್ಲಿವೆ. ಅಲ್ಲಿಗೆ ಒಂದೇ ನಿಯಮ ಸಾಕು: ಒಂದೇ ಫೈಲಿನಲ್ಲಿ ಎರಡೂ ಬೆರೆತರೆ ಎಚ್ಚರಿಕೆ.

ಕನ್ನಡದಲ್ಲಿ ಅಷ್ಟು ಸಡಿಲ ಬಿಡಲಾಗದು. ಸಂಘಟನೆ ನಪುಂಸಕಲಿಂಗ: ‘2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್ ವಶಪಡಿಸಿಕೊಂಡಿತು’. ಜನರೆಂದಾದರೆ ‘ತಾಲಿಬಾನಿಗಳು ವಶಪಡಿಸಿಕೊಂಡರು’. ‘ಹ್ಯಾವ್’ ನೋಡಿಕೊಂಡು ಅನುವಾದಿಸಿದ ಸುದ್ದಿಯಲ್ಲಿ ‘ತಾಲಿಬಾನ್ ಹೇಳಿದ್ದಾರೆ’ ಎಂದಿರುತ್ತದೆ, ಮುಂದಿನ ವಾಕ್ಯದಲ್ಲೇ ‘ಅದು’ ಬರುತ್ತದೆ. ಓದುವವರಿಗೆ ಇದು ನಿಜಕ್ಕೂ ಹಿಂಸೆ.

ಮೊದಲ ತಡೆ ಪದಗಡಿ, ಅಂದರೆ ಅಕ್ಷರವೂ ಅಕ್ಷರವಲ್ಲದ್ದೂ ಸೇರುವ ಜಾಗ. ಪೈಥಾನ್‌ನ ‘ಆರ್‌ಇ’ ಮಾಡ್ಯೂಲ್ (ಆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಠ್ಯದ ನಮೂನೆ ಹುಡುಕುವ ಸಾಧನ) ಸ್ವರಚಿಹ್ನೆ, ಹಲಂತಗಳನ್ನು (‘ನ್’ ಮೇಲಿನ ಅರ್ಧಾಕ್ಷರದ ಗುರುತು) ಅಕ್ಷರವೆಂದು ಎಣಿಸುವುದಿಲ್ಲ. ‘ತಾಲಿಬಾನ್’ ಹಲಂತದಲ್ಲಿ ಮುಗಿಯುತ್ತದೆ. ಮುಂದೆ ಖಾಲಿ ಜಾಗವಿದ್ದರೆ ಎರಡೂ ಅಕ್ಷರವಲ್ಲ, ಹಾಗಾಗಿ ಅದರ ಲೆಕ್ಕದಲ್ಲಿ ಗಡಿಯೇ ಇಲ್ಲ. ಸರಿಯಾದ ರೂಪ ತಪ್ಪಿಸಿಕೊಂಡು, ಒತ್ತಕ್ಷರವಾಗಿ ಕೆಟ್ಟ ‘ತಾಲಿಬಾನ್ಗೆ’ ಸಿಕ್ಕಿಬೀಳುತ್ತದೆ. ಪದಗಡಿ ಗುರುತನ್ನು ಕೈಬಿಡಿ. ಹಿಂದೆ, ಮುಂದೆ ಯೂನಿಕೋಡಿನ ಕನ್ನಡ ಬ್ಲಾಕಿನ ಯಾವ ಚಿಹ್ನೆಯೂ ಇರಬಾರದು, ಮುಂದೆ 200ಸಿ (ಒತ್ತಕ್ಷರವಾಗದಂತೆ ತಡೆಯುವ ಕಾಣದ ಚಿಹ್ನೆ) ಕೂಡ ಇರಬಾರದು ಎಂದು ಬರೆಯಿರಿ. ‘ತಾಲಿಬಾನ್‌ಗೆ’, ‘ತಾಲಿಬಾನ್‌ನ’ ತಾವಾಗಿಯೇ ಹೊರಗುಳಿದು ಪ್ರಥಮಾ ವಿಭಕ್ತಿ ಮಾತ್ರ ಉಳಿಯುತ್ತದೆ. ಅದಕ್ಕೂ ಮುಂಚೆ ಪದದ ಕೊನೆಯಲ್ಲಿ ಸುಮ್ಮನೆ ಜೋತುಬಿದ್ದ 200ಸಿ ಅಳಿಸಬೇಕು. ಪಠ್ಯ ಒದಗಿಸುವವರು ಒಂದು ಕಂತಿನಲ್ಲಿ ಇದನ್ನು ಎಲ್ಲೆಂದರಲ್ಲಿ ಬಿಟ್ಟಿರುತ್ತಾರೆ, ಇನ್ನೊಂದರಲ್ಲಿ ಪೂರಾ ಒರೆಸಿರುತ್ತಾರೆ. ಶುದ್ಧಪಠ್ಯ ಅಂತ ಹೆಸರು ಬೇರೆ!

ನಿಜವಾಗಿ ಕಾಡಿದ್ದು ಕರ್ತೃವನ್ನು ಕ್ರಿಯಾಪದಕ್ಕೆ ಕಟ್ಟುವ ಕೆಲಸ. ಹೆಸರಿನಿಂದ ಬಲಕ್ಕೆ ಒಂದೊಂದೇ ಪದ ನಡೆಯಬೇಕು. ವಿಭಕ್ತಿ ಇಲ್ಲದ ನಾಮಪದ ಕಂಡಲ್ಲೆಲ್ಲ ನಿಲ್ಲಿಸಿದರೆ ‘ಕಾಬೂಲ್’ ಅಡ್ಡ ಬರುತ್ತದೆ, ಅದು ಕರ್ಮಪದ. ನಿಲ್ಲಬೇಕಾದದ್ದು ವಕ್ತಾರ, ನಾಯಕ, ಹೋರಾಟಗಾರರು ಇಂಥ ಮನುಷ್ಯವಾಚಕ ಬಂದಾಗ ಮಾತ್ರ. ‘ವಶಪಡಿಸಿಕೊಂಡು’ ಸಿಕ್ಕರೆ ಮುಂದುವರಿಯಿರಿ. ‘ವಶಪಡಿಸಿಕೊಂಡ’ ಸಿಕ್ಕರೆ ಪರೀಕ್ಷೆಯನ್ನೇ ಬಿಡಿ: ‘ತಾಲಿಬಾನ್ ವಶಪಡಿಸಿಕೊಂಡ ನಗರಗಳ ಜನ ಹೇಳಿದ್ದಾರೆ’ ಎಂಬಲ್ಲಿ ಕರ್ತೃ ಆ ಕೃದಂತದಲ್ಲೇ ಮುಗಿಯಿತು, ಕೊನೆಯ ಕ್ರಿಯಾಪದ ಜನರದ್ದು. ಒಂದು ಉಕಾರದ ಕೊಂಬು ಇಷ್ಟೆಲ್ಲ ತೀರ್ಮಾನಿಸುತ್ತದೆ. ಹಾಗಾಗಿ ಕೊನೆಯ ಸ್ವರ ಕಿತ್ತುಹಾಕುವ ಸ್ಟೆಮ್ಮರನ್ನು ಈ ಹಂತಕ್ಕೆ ಮುಂಚೆ ಓಡಿಸಲೇಬೇಡಿ.

ಮುಂದಿನ ಸರದಿ ‘ಮುಜಾಹಿದೀನ್’. ಅದೂ ಮೂಲದಲ್ಲೇ ಬಹುವಚನ. ಆದರೆ ‘ಹಿಜ್ಬುಲ್ ಮುಜಾಹಿದೀನ್’ ಎಂದಾಗ ಮುಖ್ಯಪದ ‘ಹಿಜ್ಬ್’, ಅಂದರೆ ಪಕ್ಷ, ಆದ್ದರಿಂದ ‘ಹೇಳಿದೆ’ಯೇ ಸರಿ. ಎರಡು ಪದದ ಹೆಸರುಗಳ ಪಟ್ಟಿಯನ್ನು ಬಿಡಿಪದದ ನಿಯಮಕ್ಕಿಂತ ಮುಂಚೆ ಓಡಿಸಬೇಕು. ‘ಅಲ್-ಶಬಾಬ್’ (ಸೊಮಾಲಿಯಾದ ಉಗ್ರ ಸಂಘಟನೆ) ಹೆಸರಿನ ನಡುವಿನ ಹೈಫನ್‌ನಲ್ಲಿ ಟೋಕನೈಸರ್ ಈಗಲೂ ಎರಡಾಗಿ ಒಡೆಯುತ್ತಿದೆ, ಮೊದಲು ಅದನ್ನು ಸರಿಮಾಡಬೇಕು.